ಬೆಳ್ಳಿ ಗಂಗಾಳ, ಜರ್ಮನ್ ಗಂಗಾಳ

ದಲಿತ ವಿಮರ್ಶೆ ಎಂದ ಕೂಡಲೇ ಕಥೆ, ಕವಿತೆ, ಕಾದಂಬರಿಗಳನ್ನು ಬೇರೆ ಕಣ್ಣಿನಿಂದ ಓದುವುದು ಎಂದು ನಾವು ತಿಳಿಯುತ್ತೇವೆ. ಆದರೆ ನಮ್ಮನ್ನು ಹೊರಗಿಟ್ಟಿದ್ದು ಬರೀ ಪುಸ್ತಕಗಳಲ್ಲ. ಬಾವಿ, ಹಗ್ಗ, ತಂಬಿಗಿ, ಗಂಗಾಳ, ಚಹಾದ ಕಪ್ಪು-ಬಸಿ ಇವೆಲ್ಲ ಸೇರಿಯೇ ನಮ್ಮನ್ನು ಹೊರಗಿಟ್ಟವು. ಹಾಗಾದರೆ ಅವನ್ನೂ ಓದಬೇಕು. ಪದ್ಯದ ಸಾಲಿನ ಒಳಗೆ ಅಡಗಿದ ಯಜಮಾನಿಕೆಯನ್ನು ಹುಡುಕುವ ನಾವು ಗಂಗಾಳದ ಅಂಚಿನಲ್ಲಿ ಕೊರೆದ ಹೆಸರನ್ನು ಯಾಕೆ ಓದದೆ ಬಿಡಬೇಕು?

ಇಲ್ಲಿ ಓದಲಿಕ್ಕೆ ಎತ್ತಿಕೊಂಡಿರುವುದು ಸಿರಿವಂತ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಊಟದ ಬೆಳ್ಳಿಯನ್ನು, ಅದರಲ್ಲೂ ಅಮೆರಿಕದ ಹಳೆಯ ಬೆಳ್ಳಿಯನ್ನು. ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಲ್ಲೋ, ಚಿಕ್ಕೋಡಿ, ಅಥಣಿಯಲ್ಲೋ ಕೂತು ಓದುವವನಿಗೆ ಅಮೆರಿಕದ ಸಾಹುಕಾರರ ಚಮಚದ ಉಸಾಬರಿ ಯಾಕೆ ಅಂತ ಯಾರಾದರೂ ಕೇಳಿಯಾರು. ಎರಡು ಕಾರಣ ಇವೆ. ಒಂದು, ಆ ಬೆಳ್ಳಿ ಅಲ್ಲೇ ಉಳಿಯಲಿಲ್ಲ, ನಮ್ಮ ದೇಶಕ್ಕೂ ಬಂತು. ಇನ್ನೊಂದು, ಅಲ್ಲಿ ಗುಲಾಮನ ಹೆಸರನ್ನು ಅಳಿಸಿದ ರೀತಿಗೂ ಇಲ್ಲಿ ಅಸ್ಪೃಶ್ಯನ ಬಾಯಿಯಿಂದ ಲೋಹವನ್ನು ದೂರ ಇಟ್ಟ ರೀತಿಗೂ ನೆಂಟಸ್ತನ ಇದೆ.

1

ಮೊದಲು ಅಮೆರಿಕದ ಮಾತು. ಬ್ರಿಟಿಷರ ವಸಾಹತು ಆಗಿದ್ದ ಕಾಲದಲ್ಲಿ ಅಲ್ಲಿ ಬ್ಯಾಂಕುಗಳು ಇರಲಿಲ್ಲ. ಸ್ಪೇನಿನವರು ದಕ್ಷಿಣ ಅಮೆರಿಕ ಮತ್ತು ಮೆಕ್ಸಿಕೋದ ಗಣಿಗಳಿಂದ ತೆಗೆದ ಬೆಳ್ಳಿಯ ನಾಣ್ಯಗಳು ವ್ಯಾಪಾರದಲ್ಲಿ ಓಡಾಡುತ್ತಿದ್ದವು. ಚೀಲದಲ್ಲಿ ಇಟ್ಟ ನಾಣ್ಯ ಕಳುವಾದರೆ ಇದು ನನ್ನದು ಎಂದು ಹೇಳಲಿಕ್ಕೆ ಗುರುತಿಲ್ಲ. ಅದಕ್ಕೇ ಹಣವಂತರು ನಾಣ್ಯಗಳನ್ನು ಬೆಳ್ಳಿ ಕೆಲಸದವನ ಹತ್ತಿರ ಒಯ್ದು ಕರಗಿಸಿ ಲೋಟ, ಚಮಚ, ಚಹಾದ ಕೆಟಲಿ ಮಾಡಿಸುತ್ತಿದ್ದರು. ಅದರ ಮೇಲೆ ಮಾಡಿದವನ ಅಚ್ಚು, ಮಾಡಿಸಿದವರ ಹೆಸರಿನ ಅಕ್ಷರ. ಹೀಗೆ ಊಟದ ಪಾತ್ರೆಯೇ ಮನೆಯ ತಿಜೋರಿ ಆಯಿತು. ಕಷ್ಟ ಬಂದಾಗ ಕರಗಿಸಬಹುದು, ಸುಖದಲ್ಲಿ ಅತಿಥಿಗಳಿಗೆ ತೋರಿಸಬಹುದು. ಮದುವೆಯಲ್ಲಿ ಮಗಳಿಗೆ, ಸಾವಿನ ನಂತರ ಮಗನಿಗೆ. ಅಜ್ಜಿಯ ಹೆಸರಿನ ಅಕ್ಷರ ಮೊಮ್ಮಗಳ ಮೇಜಿನ ಮೇಲೆ. ಇಂಥ ಬೆಳ್ಳಿಗೆ ಇವತ್ತು ಹರಾಜಿನಲ್ಲಿ ಬರುವ ಬೆಲೆಯನ್ನು ಬಿಡಿಸಿ ನೋಡಿದರೆ ಮೂರು ಪಾಲು: ತೂಕದ್ದು ಒಂದು, ಕುಸುರಿಯದ್ದು ಇನ್ನೊಂದು, ಮನೆತನದ ಹೆಸರಿನದ್ದು ಮತ್ತೊಂದು. ಬಹಳ ಸಲ ಈ ಮೂರನೆಯದೇ ದೊಡ್ಡದು.

ಹತ್ತೊಂಬತ್ತನೇ ಶತಮಾನದಲ್ಲಿ ಈ ಕಸುಬು ಕಾರ್ಖಾನೆ ಆಯಿತು. ಪ್ರಾವಿಡೆನ್ಸ್ ಊರಿನ ಗೋರಂ ಕಂಪನಿ 1831ರಲ್ಲಿ, ನ್ಯೂಯಾರ್ಕಿನ ಟಿಫನಿ ಕಂಪನಿ 1837ರಲ್ಲಿ ಶುರುವಾದವು. 1859ರಲ್ಲಿ ನೆವಾಡಾದ ಕಾಮ್‌ಸ್ಟಾಕ್ ಎಂಬಲ್ಲಿ ಭಾರೀ ಬೆಳ್ಳಿ ಗಣಿ ಸಿಕ್ಕಿತು. ಆ ಗಣಿಯಿಂದ ಕುಬೇರನಾದ ಜಾನ್ ಮೆಕೇ ತನ್ನದೇ ಗಣಿಯ ಬೆಳ್ಳಿಯನ್ನು ಟಿಫನಿಗೆ ಕಳಿಸಿ ಊಟದ ಸಾಮಾನು ಮಾಡಿಸಿದ. 1878ರ ಹೊತ್ತಿಗೆ ಅದು ಮುಗಿಯಿತು. ಇಪ್ಪತ್ನಾಲ್ಕು ಜನ ಉಣ್ಣಲಿಕ್ಕೆ 1,250ಕ್ಕೂ ಹೆಚ್ಚು ತುಂಡುಗಳು! ಒಬ್ಬೊಬ್ಬನ ಪಾಲಿಗೆ ಐವತ್ತಕ್ಕೂ ಮಿಕ್ಕಿ. ಇದನ್ನು ಅಲ್ಲಿಯ ಕಲಾ ಇತಿಹಾಸದವರು ಕುಸುರಿಯ ಅದ್ಭುತ ಅಂತ ವರ್ಣಿಸುತ್ತಾರೆ. ಇರಬಹುದು. ಆದರೆ ಹಸಿವಿಗೆ ಒಂದು ಗಂಗಾಳ ಸಾಕು ಎಂಬುದನ್ನು ಬಲ್ಲವನು ಇದನ್ನು ನೋಡಿದರೆ, ಉಳಿದ ಸಾವಿರದ ಇನ್ನೂರು ಚಿಲ್ಲರೆ ತುಂಡು ಹಸಿವಿಗಲ್ಲ, ಅಂತಸ್ತಿಗೆ ಮಾಡಿದ್ದು ಎಂಬುದು ಮೊದಲು ಕಾಣುತ್ತದೆ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಕಾಣುವುದು ಬದಲಾಗುತ್ತದೆ. ವಿಮರ್ಶೆ ಶುರುವಾಗುವುದೇ ಇಲ್ಲಿಂದ.

ಇನ್ನು ಕೈಯ ಮಾತು. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದಲ್ಲಿ ಅಲೆಕ್ಸಾಂಡರ್ ಪೆಟ್ರಿ ಎಂಬ ಬೆಳ್ಳಿ ಕೆಲಸದ ಯಜಮಾನ ಇದ್ದ. ಅವನ ಅಚ್ಚು ಇರುವ ಪಾತ್ರೆಗಳು ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಇವೆ. ಅವನ ಕಾರ್ಖಾನೆಯಲ್ಲಿ ಅಬ್ರಹಾಂ ಎಂಬ ಕರಿಯ ಗುಲಾಮ ಇದ್ದ, ಬೆಳ್ಳಿ ಕೆಲಸದಲ್ಲಿ ನುರಿತವನು. ಪೆಟ್ರಿ 1768ರಲ್ಲಿ ಸತ್ತ. ಅವನ ಆಸ್ತಿ ಮಾರಿದಾಗ ಅಬ್ರಹಾಮನೂ ಆಸ್ತಿಯ ಜತೆ ಮಾರಾಟವಾದ. ಕೊಂಡವನು ಇನ್ನೊಬ್ಬ ಬೆಳ್ಳಿ ಕೆಲಸದ ಯಜಮಾನ. ಪಾತ್ರೆಯ ತಳದಲ್ಲಿ ಯಜಮಾನನ ಅಚ್ಚು ಇದೆ, ಅಬ್ರಹಾಮನ ಹೆಸರು ಎಲ್ಲಿಯೂ ಇಲ್ಲ. ಅವನ ಹೆಸರು ನಮಗೆ ಸಿಗುವುದು ಮಾರಾಟದ ಲೆಕ್ಕದಲ್ಲಿ! ಪಾತ್ರೆಯ ಮೇಲೆ ಹೆಸರು ಇರಬೇಕಾದವನು ಪಾತ್ರೆಯ ಹಾಗೆ ಪಟ್ಟಿಯಲ್ಲಿ ಸೇರಿದ. ಹಳೆಯ ಬೆಳ್ಳಿಯ ಬಗ್ಗೆ ಬರೆದವರು ಬಹುಕಾಲ ಆ ಅಚ್ಚನ್ನು ಓದಿ, ಇದು ಇಂಥವನ ಕೈಕೆಲಸ ಎಂದು ತೀರ್ಪು ಕೊಡುತ್ತ ಬಂದರು. ಅಚ್ಚು ಹೇಳುವುದು ಕೈಯನ್ನಲ್ಲ, ಒಡೆತನವನ್ನು. ಇದು ನಮ್ಮ ಸಾಹಿತ್ಯ ಚರಿತ್ರೆಗೂ ತಾಕುವ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ.

2

ಈಗ ಆ ಬೆಳ್ಳಿ ಇಲ್ಲಿಗೆ ಬಂದ ದಾರಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಸರಕಾರ ಇಂಡಿಯಾದಿಂದ ದವಸ, ಬಟ್ಟೆ, ಸೆಣಬು ಎಲ್ಲ ಕೊಂಡು ಕಾಗದದ ನೋಟು ಹಂಚಿತು. ಜನಕ್ಕೆ ನೋಟಿನ ಮೇಲೆ ನಂಬಿಕೆ ಇಲ್ಲ. ಬೆಳ್ಳಿ ರೂಪಾಯಿ ಕೊಡಿ ಎಂದರು. ಖಜಾನೆಯಲ್ಲಿ ಬೆಳ್ಳಿ ತೀರಿ ಬಂತು. ಆಗ ಅಮೆರಿಕ 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಮಾಡಿತು. ಅದರ ಪ್ರಕಾರ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿದರು. ಅದರಲ್ಲಿ ಬಹುಪಾಲು, ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು, ಇಂಡಿಯಾದ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಿದರು. ನೆವಾಡಾದ ಗಣಿಯಿಂದ ಬಂದ ಬೆಳ್ಳಿ ಡಾಲರಾಗಿ, ಡಾಲರು ರೂಪಾಯಿಯಾಗಿ ನಮ್ಮ ಸಂತೆಗಳಲ್ಲಿ ಚಲಾವಣೆಗೆ ಬಂತು.

ಆಗಿನ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲೆ. ಅಕ್ಕಸಾಲಿಗನ ಹತ್ತಿರ ಬೆಳ್ಳಿ ಕೆಲಸಕ್ಕೆ ಹೋಗುವವರು ರೂಪಾಯಿಗಳನ್ನೇ ಎಣಿಸಿ ಕೊಡುತ್ತಿದ್ದರು. ಅವನು ಮೂಸೆಯಲ್ಲಿ ಕರಗಿಸುತ್ತಿದ್ದ. ದೇಸಾಯಿ, ಇನಾಮದಾರ, ಸರಕಾರ ಎನ್ನಿಸಿಕೊಂಡ ವಾಡೆಗಳಲ್ಲಿ ಗಂಗಾಳ, ಬಟ್ಟಲು, ತಂಬಿಗಿ ಆದದ್ದು ಹೀಗೆ. ನಿಪ್ಪಾಣಿಯಿಂದ ಗಡಿ ದಾಟಿದರೆ ಕೊಲ್ಲಾಪುರ ಜಿಲ್ಲೆಯ ಹುಪರಿ ಇದೆ. ಮನೆಮನೆಯಲ್ಲಿ ಬೆಳ್ಳಿ ತಂತಿ ಎಳೆದು, ಬೆಸೆದು, ಕಾಲ್ಗೆಜ್ಜೆ ಮಾಡುವ ಊರು ಅದು, ಈಗಲೂ ಅದಕ್ಕೇ ಹೆಸರುವಾಸಿ. ಬೆಳ್ಳಿಯ ಸ್ವಭಾವ ಏನೆಂದರೆ ಕರಗಿದ ಮೇಲೆ ಅದಕ್ಕೆ ನೆನಪಿಲ್ಲ. ಯಾವ ಗಣಿ, ಯಾವ ಗುಲಾಮ, ಯಾವ ಗೇಣಿದಾರನ ಹೊಲದ ತಂಬಾಕು ಮಾರಿದ ದುಡ್ಡು ಎಂಬುದನ್ನು ಅದು ಹೇಳುವುದಿಲ್ಲ. ಮಾಲೀಕ ಕೊರೆಸಿದ ಹೆಸರನ್ನು ಮಾತ್ರ ಹೇಳುತ್ತದೆ. ಉಳಿದದ್ದನ್ನು ನಾವೇ ಹೇಳಬೇಕು.

ಈ ಬೆಳ್ಳಿಯ ಗುಟ್ಟನ್ನು ಒಡೆದು ನೋಡಿದವರಲ್ಲಿ ಒಬ್ಬರು ನಮ್ಮವರೇ ಎಂಬುದನ್ನು ನಾವು ಮರೆಯುತ್ತೇವೆ. 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಬಾಬಾಸಾಹೇಬ ಅಂಬೇಡ್ಕರರು ಮುಂದೆ ಲಂಡನ್ನಿನಲ್ಲಿ ಬರೆದ ಪ್ರಬಂಧ ರೂಪಾಯಿಯ ಸಮಸ್ಯೆಯ ಬಗ್ಗೆಯೇ. ಅದು 1923ರಲ್ಲಿ ಪುಸ್ತಕವಾಯಿತು. 1873ರ ನಂತರ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಬಿದ್ದದ್ದು, 1893ರಲ್ಲಿ ಸರಕಾರ ಟಂಕಸಾಲೆಗಳಲ್ಲಿ ಜನರ ಬೆಳ್ಳಿಯನ್ನು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿದ್ದು, ಇವು ಅವರ ಅಧ್ಯಯನದ ವಸ್ತು. ಇದು ಬರೀ ಲೆಕ್ಕಪತ್ರದ ವಿಷಯ ಅಲ್ಲ. 1893ರವರೆಗೆ ಬಡವಳ ಕಾಲ್ಕಡಗವೂ ರೂಪಾಯಿಯೂ ಒಂದೇ ಬೆಳ್ಳಿ, ಹೆಚ್ಚುಕಡಿಮೆ ಒಂದೇ ಬೆಲೆ. ಆಮೇಲೆ ಸರಕಾರದ ಮುದ್ರೆ ಬಿದ್ದ ಬೆಳ್ಳಿಗೆ ಒಂದು ಬೆಲೆ, ಕಾಲಲ್ಲಿದ್ದ ಬೆಳ್ಳಿಗೆ ಕಡಿಮೆ ಬೆಲೆ. ಬರಗಾಲದಲ್ಲಿ ಕಡಗ ಮಾರಲಿಕ್ಕೆ ಹೋದವಳಿಗೆ ಅದು ಗೊತ್ತಾಯಿತು. ರೂಪಾಯಿಯ ಕೊಳ್ಳುವ ಶಕ್ತಿ ಸ್ಥಿರವಾಗಿರಬೇಕು ಎಂದು ಬಾಬಾಸಾಹೇಬರು ವಾದಿಸಿದರು. ಬೆಲೆ ಏರಿದಾಗ ಸಾಯುವವನು ಕೂಲಿಕಾರ ಎಂಬ ತಿಳಿವು ಆ ವಾದದಲ್ಲಿದೆ. 1925ರ ಏಪ್ರಿಲ್‌ನಲ್ಲಿ ನಮ್ಮದೇ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿಗೆ ಬಂದವರೂ, ಅದೇ ವರ್ಷದ ಕೊನೆಗೆ ಸರಕಾರದ ನಾಣ್ಯ ಆಯೋಗದ ಮುಂದೆ ಸಾಕ್ಷ್ಯ ನುಡಿದವರೂ ಅವರೇ. ನೀರಿನ ಪ್ರಶ್ನೆಯನ್ನೂ ನಾಣ್ಯದ ಪ್ರಶ್ನೆಯನ್ನೂ ಒಂದೇ ತಲೆ ವಿಚಾರ ಮಾಡುತ್ತಿತ್ತು.

3

ಅಮೆರಿಕದ ಬೆಳ್ಳಿಗೂ ನಮ್ಮ ವಾಡೆಯ ಬೆಳ್ಳಿಗೂ ಒಂದು ಕಡೆ ಹಾದಿ ಬೇರೆಯಾಗುತ್ತದೆ. ಅಲ್ಲಿ ಗುಲಾಮನೇ ಬೆಳ್ಳಿ ತಿಕ್ಕುತ್ತಿದ್ದ, ಮೇಜಿಗೆ ಬಡಿಸುತ್ತಿದ್ದ. ಅವನ ಕೈ ತಾಕಿದರೆ ಪಾತ್ರೆ ಕೆಡುತ್ತಿರಲಿಲ್ಲ, ಅವನು ಕೂತು ಉಣ್ಣುವಂತಿರಲಿಲ್ಲ ಅಷ್ಟೆ. ಇಲ್ಲಿ ಕೈ ತಾಕುವುದೇ ನಿಷಿದ್ಧ. ಬೆಳ್ಳಿ ಗಾಳಿಯಲ್ಲಿಯ ಗಂಧಕದ ಅಂಶದಿಂದ ಕಪ್ಪಾಗುತ್ತದೆ. ವಿಭೂತಿಯನ್ನೋ ಅಂಟುವಾಳದ ನೀರನ್ನೋ ಹಚ್ಚಿ ತಿಕ್ಕಿದರೆ ಮತ್ತೆ ಹೊಳೆಯುತ್ತದೆ. ಆ ತಿಕ್ಕುವ ಕೆಲಸವೂ ನಮ್ಮ ಹೆಂಗಸರಿಗೆ ಸಿಗಲಿಲ್ಲ. ಅದಕ್ಕೆ ಬೇರೆ ಜಾತಿಯ ಆಳು. ನಮ್ಮ ಕೇರಿಯ ಹಿರಿಯಳೊಬ್ಬಳು ಹೇಳುತ್ತಿದ್ದ ಮಾತು ಇದು: "ಆ ಬೆಳ್ಳಿ ಗಂಗಾಳ ನಾವು ಕಣ್ಣೀಲೆ ನೋಡಿಲ್ಲೋ ತಮ್ಮಾ. ಹಿತ್ತಲದಾಗ ನಿಂತಾಗ ಒಳಗ ಅದರ ಸಪ್ಪಳ ಕೇಳೇವಿ. ನಮ್ಮ ಗಡಿಗ್ಯಾಗ ಮ್ಯಾಲಿಂದ ಸುರವತಿದ್ರು, ನಾವು ತಗೊಂಡ ಬರತಿದ್ವಿ." ಬೆಳ್ಳಿಯ ಬಗ್ಗೆ ನಾನು ಓದಿದ ಎಷ್ಟೋ ವರ್ಣನೆಗಳಿಗಿಂತ ಈ ಮೂರು ಮಾತು ಹೆಚ್ಚು ಹೇಳುತ್ತವೆ. ಹೊಳಪು ಇವಳ ಅನುಭವ ಅಲ್ಲ. ಸಪ್ಪಳ ಇವಳ ಅನುಭವ.

ಇದರ ಬೇರು ಎಲ್ಲಿದೆ? ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಪಾತ್ರೆಗಳ ಶುದ್ಧಿಯ ಬಗ್ಗೆ ಪಟ್ಟಿಯೇ ಇದೆ. ಎಂಜಲು ಹತ್ತದ ಚಿನ್ನದ ಪಾತ್ರೆಗೆ ನೀರು ಸಾಕು. ಕುಸುರಿ ಇಲ್ಲದ ಬೆಳ್ಳಿಗೂ ನೀರು ಸಾಕು. ತಾಮ್ರ, ಕಂಚಿಗೆ ಬೂದಿ, ಹುಳಿ, ನೀರು. ಮಣ್ಣಿನ ಗಡಿಗೆಯಾದರೆ ಮತ್ತೆ ಸುಡಬೇಕು, ಕೆಲವು ಮೈಲಿಗೆಗೆ ಸುಟ್ಟರೂ ಹೋಗುವುದಿಲ್ಲ. ಹತ್ತನೇ ಅಧ್ಯಾಯಕ್ಕೆ ಬಂದರೆ ಚಂಡಾಲರ ಮಾತು. ಅವರು ಊರ ಹೊರಗಿರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಅವರ ಒಡವೆ ಕಬ್ಬಿಣದ್ದಿರಬೇಕು. ಈ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ಓದಿ. ಬೆಳ್ಳಿಗೆ ಮೈಲಿಗೆ ಆದರೆ ಒಂದು ತಂಬಿಗಿ ನೀರಿನಲ್ಲಿ ಕಳೆಯುತ್ತದೆ. ಮನುಷ್ಯನಿಗೆ ಹಚ್ಚಿದ ಮೈಲಿಗೆ ಯಾವ ನೀರಿನಲ್ಲೂ ಕಳೆಯುವುದಿಲ್ಲ. ಬೆಳ್ಳಿಗೆ ಇರುವ ಸೌಲಭ್ಯ ಮನುಷ್ಯನಿಗೆ ಇಲ್ಲ!

ಇದೆಲ್ಲ ಹಳೆಯ ಪುಸ್ತಕದ ಮಾತು ಎನ್ನುವವರಿಗೆ ಇಪ್ಪತ್ತನೇ ಶತಮಾನದ ಸಾಕ್ಷಿ ಇದೆ. 1928ರಲ್ಲಿ ಇಂದೂರು ಸೀಮೆಯ ಹಳ್ಳಿಗಳಲ್ಲಿ ಮೇಲ್ಜಾತಿಯವರು ಬಲಾಯಿ ಎಂಬ ಅಸ್ಪೃಶ್ಯ ಜಾತಿಗೆ ಹಾಕಿದ ಷರತ್ತುಗಳಲ್ಲಿ ಹೆಂಗಸರು ಬೆಳ್ಳಿ, ಬಂಗಾರ ಹಾಕಬಾರದು ಎಂಬುದೊಂದು. 1930ರಲ್ಲಿ ತಮಿಳುನಾಡಿನ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಹಾಕಿದ ಎಂಟು ನಿರ್ಬಂಧಗಳಲ್ಲಿ ಬೆಳ್ಳಿ, ಬಂಗಾರದ ನಿಷೇಧದ ಜತೆಗೆ, ಮನೆಯಲ್ಲಿ ಮಣ್ಣಿನ ಪಾತ್ರೆ ಬಿಟ್ಟು ಬೇರೆ ಬಳಸಬಾರದು ಎಂಬುದೂ ಇತ್ತು. 1935ರ ನವೆಂಬರಿನಲ್ಲಿ ಗುಜರಾತಿನ ಅಹಮದಾಬಾದ ಜಿಲ್ಲೆಯ ಝಾನು ಎಂಬ ಊರಲ್ಲಿ ಕೆಲವು ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದದ್ದಕ್ಕೆ ಹೊಡೆತ ತಿಂದರು. ಇಂದೂರಿನ ಮತ್ತು ಝಾನುವಿನ ಸಂಗತಿಗಳನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ದಾಖಲು ಮಾಡಿದ್ದಾರೆ. ಆ ಹೆಂಗಸರು ಅನುಕೂಲಸ್ಥರು, ದುಡ್ಡು ಕೊಟ್ಟೇ ಕೊಡ ಕೊಂಡವರು. ಬಡತನ ಹೋದರೆ ಜಾತಿ ತಾನೇ ಹೋಗುತ್ತದೆ ಎನ್ನುವವರು ಆ ಕೊಡವನ್ನು ನೆನಪಿಟ್ಟುಕೊಳ್ಳಬೇಕು.

ಇದಕ್ಕೆ ಎದುರಾಗಿ ನಮ್ಮ ಸೀಮೆಯ ನೆನಪು ಒಂದಿದೆ. ಕೊಲ್ಲಾಪುರದ ಅರಮನೆಯ ಲಾಯದಲ್ಲಿ ಚಾಕರಿಗಿದ್ದ ಗಂಗಾರಾಮ ಕಾಂಬಳೆ, ಮುಟ್ಟಬಾರದ ನೀರು ಮುಟ್ಟಿದ ಎಂದು ಮೇಲಿನವರಿಂದ ಹೊಡೆತ ತಿಂದ. ಶಾಹೂ ಮಹಾರಾಜರ ನೆರವಿನಿಂದ ಅವನು ಚಹಾದಂಗಡಿ ತೆರೆದ, ಅದಕ್ಕೆ 'ಸತ್ಯಸುಧಾರಕ' ಎಂದು ಹೆಸರಿಟ್ಟ. ಮೇಲ್ಜಾತಿಯವರು ಬರಲಿಲ್ಲ. ಮಹಾರಾಜರೇ ಗಾಡಿ ನಿಲ್ಲಿಸಿ ಅವನ ಕೈಯ ಚಹಾ ಕುಡಿದರು, ಜತೆಗಿದ್ದವರಿಗೂ ಕುಡಿಸಿದರು. ರಾಯಬಾಗ ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಬೆಳ್ಳಿ ಪಾತ್ರೆಗೆ ಕೊರತೆಯಿಲ್ಲದ ಅರಮನೆಯವನು ಅಂಗಡಿಯ ಕಪ್ಪಿಗೆ ಬಾಯಿ ಹಚ್ಚಿದ್ದು ಸಣ್ಣ ಸಂಗತಿ ಅಲ್ಲ. ಆದರೂ ಒಂದು ಮಾತು ಹೇಳಬೇಕು. ನಮ್ಮ ಕಥನಗಳಲ್ಲಿ ರಾಜ ಕುಡಿದದ್ದು ಉಳಿಯಿತು. ರಾಜನ ಗಾಡಿ ಹೋದ ಮೇಲೆ, ಯಾರೂ ಬಾರದ ಅಂಗಡಿಯಲ್ಲಿ ದಿನಾ ಒಲೆ ಹಚ್ಚಿದ ಕಾಂಬಳೆಯ ಧೈರ್ಯ ಹಿಂದೆ ಸರಿಯಿತು. ಪಾತ್ರೆಯ ಮೇಲೆ ಯಜಮಾನನ ಅಚ್ಚು ಬಿದ್ದ ಹಾಗೆಯೇ ಇದು.

4

ಪರಂಪರೆ, ಆಸ್ತಿ ಎಂಬ ಶಬ್ದಗಳು ನಮ್ಮ ವಿಮರ್ಶೆಯಲ್ಲಿ ಬಹಳ ಓಡಾಡುತ್ತವೆ. ವಾಡೆಯ ಮಗನಿಗೆ ಅಪ್ಪನಿಂದ ಬೆಳ್ಳಿ ಬಂತು. ಅದೇ ಊರಿನ ಮಹಾರ, ಹೊಲೆಯರ ಮಗನಿಗೆ ಅಪ್ಪನಿಂದ ಬಂದದ್ದು ವತನ. ಹೆಸರಿಗೆ ಅದೂ ವಂಶಪಾರಂಪರ್ಯದ ಹಕ್ಕು, 1874ರ ಮುಂಬೈ ಕಾಯ್ದೆಯ ಒಳಗೆ ಬರುವಂಥದ್ದು. ಅಷ್ಟಿಷ್ಟು ಹೊಲ, ಮನೆಮನೆಯ ಕಾಳು. ಅದಕ್ಕೆ ಬದಲು ಹಗಲು ರಾತ್ರಿ ಎನ್ನದೆ ಸರಕಾರದ ಮತ್ತು ಊರಿನ ಬಿಟ್ಟಿ ಚಾಕರಿ. ಒಬ್ಬನಿಗೆ ವಸ್ತು ಆಸ್ತಿಯಾಗಿ ಬಂತು. ಇನ್ನೊಬ್ಬನೇ ಊರಿನ ಆಸ್ತಿ ಆದ, ಚಾರ್ಲ್‌ಸ್ಟನ್ನಿನ ಅಬ್ರಹಾಮನ ಹಾಗೆ. ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ 1918ರಲ್ಲಿ ಮಹಾರ ವತನ ತೆಗೆದರು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ 1874ರ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದರು, ಅದು ಪಾಸಾಗಲಿಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬೆಳಗಾವಿ ಜಿಲ್ಲೆಯಲ್ಲಿ ವತನಗಳು ಕಾನೂನಿನ ಪ್ರಕಾರ ರದ್ದಾಗಲಿಕ್ಕೆ 1961ರ ಕಾಯ್ದೆ ಬರಬೇಕಾಯಿತು. ಆದ್ದರಿಂದ ಯಾರಾದರೂ 'ನಮ್ಮ ಭವ್ಯ ಪರಂಪರೆ' ಎಂದಾಗ, ಯಾರಿಗೆ ಏನು ಬಂತು ಎಂದು ಕೇಳುವುದು ಅಸೂಯೆ ಅಲ್ಲ. ಅದು ವಿಮರ್ಶೆಯ ಮೊದಲ ಪಾಠ.

ಹಾಗಾದರೆ ಬೆಳ್ಳಿಯನ್ನು ನಾವು ಬೇಡ ಎನ್ನಬೇಕೆ? ತ್ಯಾಗದ ಈ ಉಪದೇಶವನ್ನು ನಾನು ಒಪ್ಪುವುದಿಲ್ಲ. ಉಟ್ಟು ಉಂಡವನು ಬಿಡುವುದು ತ್ಯಾಗ. ಮುಟ್ಟಗೊಡಿಸದೆ ಇದ್ದವನು ಬಿಡುವುದು ಸೋಲು. ಮಗುವಿಗೆ ಹಾಲು ಕುಡಿಸಲಿಕ್ಕೆ ಬೆಳ್ಳಿ ಒಳಲೆ ಕೊಳ್ಳುವ ದಲಿತ ತಾಯಿಯನ್ನು ನೋಡಿ 'ಮಧ್ಯಮವರ್ಗ ಆದಳು' ಎಂದು ನಗುವವರು ಝಾನುವಿನ ಕೊಡವನ್ನು ಮರೆತವರು. ಆದರೆ ಆ ಒಳಲೆಯನ್ನು ಕಪಾಟಿನಲ್ಲಿಟ್ಟು, ಪಕ್ಕದ ಕೇರಿಯವನಿಗೆ ಬೇರೆ ಲೋಟ ಕೊಡುವುದಾದರೆ ಅದು ವಾಡೆಯ ಬೆಳ್ಳಿಯೇ. ಹೊಲೆಯರು, ಮಾದಿಗರು, ಸಮಗಾರರು, ಢೋರರು ಒಬ್ಬರ ಗಂಗಾಳ ಒಬ್ಬರು ಮುಟ್ಟದೆ ಇದ್ದ ಚರಿತ್ರೆ ನಮ್ಮದೇ. ಅದನ್ನು ಹೇಳದೆ ಮೇಲಿನವರನ್ನಷ್ಟೇ ಬೈದರೆ ನಮ್ಮ ವಿಮರ್ಶೆ ಅರ್ಧ ತಿಕ್ಕಿದ ಪಾತ್ರೆ.

ಇನ್ನು ನಮ್ಮ ಗಂಗಾಳದ ಮಾತು. ಉತ್ತರ ಕರ್ನಾಟಕದ ಕಡೆ ಅಲ್ಯುಮಿನಿಯಂ ಪಾತ್ರೆಗೆ 'ಜರ್ಮನ್' ಎನ್ನುತ್ತೇವೆ. ಕೇರಿಯ ಮನೆಗಳಲ್ಲಿ ಮಣ್ಣಿನ ಗಡಿಗೆಯ ನಂತರ ಬಂದದ್ದು ಈ ಜರ್ಮನ್ ಗಂಗಾಳ. ನೆಗ್ಗಿದ ಅಂಚು, ಮಸಿ ಹತ್ತಿದ ತಳ. ಇದಕ್ಕೆ ಯಾವ ಹರಾಜಿನಲ್ಲೂ ಬೆಲೆ ಇಲ್ಲ. ಆದರೆ ಈ ಲೋಹದ ಚರಿತ್ರೆ ಕೇಳಿ. 1884ರಲ್ಲಿ ಅಮೆರಿಕದವರು ತಮ್ಮ ರಾಜಧಾನಿಯಲ್ಲಿ ವಾಷಿಂಗ್ಟನ್ ಸ್ಮಾರಕದ ಶಿಖರಕ್ಕೆ ಸುಮಾರು ನೂರು ಔನ್ಸಿನ ಲೋಹದ ತುದಿ ಇಟ್ಟರು. ಅದು ಅಲ್ಯುಮಿನಿಯಂ! ಆಗ ಅದರ ಬೆಲೆ ಹೆಚ್ಚುಕಡಿಮೆ ಬೆಳ್ಳಿಯಷ್ಟೇ ಇತ್ತು. ಎರಡೇ ವರ್ಷದಲ್ಲಿ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ವಿದ್ಯುತ್ತಿನಿಂದ ಇದನ್ನು ಅಗ್ಗವಾಗಿ ತೆಗೆಯುವ ದಾರಿ ಬೇರೆ ಬೇರೆಯಾಗಿ ಕಂಡುಹಿಡಿದರು. ಬೆಲೆ ಧಡಕ್ಕನೆ ಬಿತ್ತು. ಲೋಹ ಅದೇ, ಹೊಳಪು ಅದೇ. ಬಡವರಿಗೆ ಸಿಗತೊಡಗಿದ ಕೂಡಲೇ ಅದರ ಮರ್ಯಾದೆ ಹೋಯಿತು. ಸೌಂದರ್ಯ ವಸ್ತುವಿನಲ್ಲಿದೆ ಎಂದು ವಾದಿಸುವ ಪಂಡಿತರು ಇದಕ್ಕೆ ಉತ್ತರ ಹೇಳಲಿ. ಬೆಳಗಾವಿಯಲ್ಲೇ ಅಲ್ಯುಮಿನಿಯಂ ಕಾರ್ಖಾನೆ ಬಂತು, ಮೊದಲು ಇಂಡಾಲ್, ಆಮೇಲೆ ಹಿಂಡಾಲ್ಕೊ. ಅದರ ಮಣ್ಣು ಅಗೆದವರ, ಕುಲುಮೆಯ ಮುಂದೆ ನಿಂತವರ ಹೆಸರೂ ಯಾವ ಗಂಗಾಳದ ಮೇಲೂ ಇಲ್ಲ.

ದಲಿತ ಸಾಹಿತ್ಯಕ್ಕೆ ಕುಸುರಿ ಸಾಲದು, ಬರೀ ಆಕ್ರೋಶ, ಒರಟು ಎಂದು ಹೇಳುತ್ತ ಬಂದವರು ಬೆಳ್ಳಿಯ ಅಳತೆಗೋಲಿನಿಂದ ಜರ್ಮನ್ ಗಂಗಾಳವನ್ನು ಅಳೆದವರು. ನಮ್ಮ ಕೃತಿಗಳಲ್ಲೂ ಕುಸುರಿ ಇದೆ ನೋಡಿ ಎಂದು ಅದೇ ಗೋಲನ್ನು ಹಿಡಿದು ವಾದಿಸುವುದು ನಮ್ಮ ಕೆಲಸ ಅಲ್ಲ. ಗೋಲು ಯಾರದು ಎಂದು ಕೇಳುವುದು ನಮ್ಮ ಕೆಲಸ. ಯಾವ ಕೃತಿ ಎದುರಿಗೆ ಬಂದರೂ, ಮೇಲ್ಜಾತಿಯವರದ್ದಾಗಲಿ ನಮ್ಮದಾಗಲಿ, ಗಂಗಾಳಕ್ಕೆ ಕೇಳುವ ಮೂರು ಪ್ರಶ್ನೆ ಕೇಳೋಣ. ಇದರ ಮೇಲೆ ಯಾರ ಹೆಸರಿದೆ? ಇದನ್ನು ಮಾಡಿದ ಕೈ ಯಾರದು? ಇದನ್ನು ಯಾರು ಮುಟ್ಟಬಾರದಿತ್ತು? ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಿಮ್ಮ ಮನೆಯ ಅಟ್ಟದ ಮೇಲೆ ನೆಗ್ಗಿದ ಜರ್ಮನ್ ಗಂಗಾಳವೋ ಒಡೆದ ಗಡಿಗೆಯೋ ಇದ್ದರೆ ಗುಜರಿಗೆ ಹಾಕಬೇಡಿ. ಅದರಲ್ಲಿ ಯಾರು ಉಂಡರು, ಯಾರ ಬಾಗಿಲಲ್ಲಿ ಅದನ್ನು ಒಡ್ಡಿ ನಿಂತರು ಎಂಬುದನ್ನು ನಿಮ್ಮ ಅವ್ವ, ಆಯಿ ಇರುವಾಗಲೇ ಕೇಳಿ ಬರೆದಿಡಿ. ಬೆಳ್ಳಿಯ ವಂಶಾವಳಿ ಬರೆಯಲಿಕ್ಕೆ ಬಹಳ ಜನ ಇದ್ದಾರೆ. ಇದನ್ನು ಬರೆಯಬೇಕಾದವರು ನಾವು.